ಹೋಗು ಅಂದವಳು

ನನ್ನ ಅಳಿಯ ಕೂರುವ ಆಸಾಮಿಯಲ್ಲ. ಮೊದಲ ಸಲ ನಮ್ಮ ಮನೆಗೆ ಬಂದ ದಿನವೇ ನನಗದು ಗೊತ್ತಾಯಿತು. ಕುರ್ಚಿ ಎಳೆದುಕೊಟ್ಟರೆ ಅದರ ಬೆನ್ನು ಹಿಡಿದುಕೊಂಡು ನಿಂತೇ ಚಹಾ ಕುಡಿದ. ಕುಡಿದು ಮುಗಿಸಿದವನು ಅಡುಗೆಮನೆಯ ಬಾಗಿಲು ಕಿರುಗುಟ್ಟುತ್ತದೆಂದು ಚೀಲದಿಂದ ಎಣ್ಣೆ ತೆಗೆದು ಹಾಕಿದ, ನಲ್ಲಿಯ ವಾಷರ್ ಬದಲಿಸಿದ, ಸ್ವಿಚ್ ಬೋರ್ಡಿನ ಸ್ಕ್ರೂ ಬಿಗಿ ಮಾಡಿದ. ಅವನು ಹೋದ ಮೇಲೆ ಮಗಳನ್ನು ಕೇಳಿದೆ, "ನಿನ್ನನ್ನ ಕೇಳೋಕೆ ಬಂದಿದ್ನೋ, ಮನೆ ರಿಪೇರಿಗೆ ಬಂದಿದ್ನೋ?"

"ಎರಡಕ್ಕೂ ಅಮ್ಮ. ಲಿಫ್ಟ್ ಮೆಕ್ಯಾನಿಕ್ ಅಲ್ವಾ? ಮೇಲಕ್ಕೂ ಕೆಳಕ್ಕೂ ಓಡಾಡ್ತಿದ್ರೇನೇ ಅವನಿಗೆ ಉಸಿರು."

ನನ್ನ ಬದುಕು ಇದಕ್ಕೆ ತದ್ವಿರುದ್ಧ. ರೈಲ್ವೆ ಸ್ಟೇಷನ್ನಿನ ಹೆಂಗಸರ ವೇಟಿಂಗ್ ರೂಮಿನಲ್ಲಿ, ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತೇ ನನ್ನ ಪ್ರಾಯ ಕಳೆಯಿತು. ನೆಲ ಒರೆಸುವುದು, ಫಿನಾಯಿಲ್ ಹಾಕುವುದು, ನಿದ್ದೆ ಹೋದವರ ಸಾಮಾನಿನ ಮೇಲೆ ಒಂದು ಕಣ್ಣಿಡುವುದು. ಉಳಿದ ಹೊತ್ತೆಲ್ಲ ಕಾಯುವವರ ಜೊತೆ ನಾನೂ ಕಾಯುವುದು. ರೈಲು ತಡವಾದರೆ ಕೆಲವರು ಕಾಲು ನೀಡಿ ಕೂತು ಮಾತಿಗಿಳಿಯುತ್ತಾರೆ. ಕೆಲವರು ಪ್ಲಾಟ್‌ಫಾರ್ಮಿಗೆ ಹೋಗಿ ಬಗ್ಗಿ ನೋಡಿ ಬರುತ್ತಾರೆ, ಮತ್ತೆ ಹೋಗುತ್ತಾರೆ. ಬಗ್ಗಿ ನೋಡಿದರೆ ರೈಲು ಬೇಗ ಬರುವುದಿಲ್ಲ ಎಂದು ಅವರಿಗೂ ಗೊತ್ತು. ಆದರೆ ಕೂರಲು ಆಗುವುದಿಲ್ಲ. ಅಂಥವರನ್ನು ಕಂಡರೆ ನನಗೆ ಯಾವತ್ತೂ ಸಿಟ್ಟು ಬಂದದ್ದಿಲ್ಲ.

ಮಗಳು ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುತ್ತಿದ್ದಳು. ಅವನು ಅವಳ ಹತ್ತಿರ ಕಾರು ಕಲಿಯಲು ಬಂದವನೇ. ಟೆಸ್ಟಿನಲ್ಲಿ ಮತ್ತೆ ಮತ್ತೆ ಫೇಲಾದ. ಬೇಕೆಂದೇ ಫೇಲಾದ ಎಂದು ಅವಳ ವಾದ. ಅವಳಿಗೆ ಅವನು ಕೊನೆಯವರೆಗೂ "ಲರ್ನರ್." ಅವನಿಗೆ ಅವಳು "ಮೇಡಂ." ಮದುವೆಯಾಗಿ ವರ್ಷಗಳಾದ ಮೇಲೂ ಬಚ್ಚಲಿನಿಂದ ಕೂಗುತ್ತಿದ್ದ, "ಮೇಡಂ, ಟವೆಲ್ ಮರೆತೆ!" "ಹ್ಯಾಂಡ್ ಬ್ರೇಕ್ ಹಾಕಿ ಅಲ್ಲೇ ನಿಲ್ಲು ಲರ್ನರ್, ತರ್ತೀನಿ" ಎಂದು ಇವಳು.

ಅವಳ ಎಡ ಅಂಗಾಲಿನಲ್ಲಿ, ಬೆರಳಿನ ಬುಡಕ್ಕೆ, ಒಂದು ಕಪ್ಪು ಕಲೆ ಕಾಣಿಸಿಕೊಂಡಿತು. ಕ್ಲಚ್ ಒತ್ತಿ ಒತ್ತಿ ಆದದ್ದು ಎಂದು ಅವಳು ಹೇಳಿದಳು, ನಾವೂ ನಂಬಿದೆವು. ಅಂಗಾಲನ್ನು ಯಾರು ದಿನಾ ತಿರುಗಿಸಿ ನೋಡುತ್ತಾರೆ? ಅದು ಹರಡಿತು, ಅಂಚು ಹರಿದ ಕಾಗದದ ಹಾಗಾಯಿತು, ಒಂದು ದಿನ ಸಾಕ್ಸಿಗೆ ರಕ್ತ ಹತ್ತಿತು. ಡಾಕ್ಟರು ಚರ್ಮದ ಕ್ಯಾನ್ಸರ್ ಎಂದಾಗ ನಾನು ಪೆದ್ದಿಯ ಹಾಗೆ, "ಅದು ಬಿಸಿಲಲ್ಲಿ ಬಿದ್ದಿರೋರಿಗೆ ಬರೋದಲ್ವಾ? ಇವಳ ಅಂಗಾಲು ಯಾವತ್ತು ಬಿಸಿಲು ಕಂಡಿತ್ತು?" ಎಂದೆ. ಬಿಸಿಲು ಕಾಣದ ಕಡೆಯೂ ಬರುತ್ತದಂತೆ. ಯಾರೂ ನೋಡಿಕೊಳ್ಳದ ಜಾಗವಾದ್ದರಿಂದ ತಡವಾಗಿ ಸಿಗುತ್ತದಂತೆ. ಬೆರಳು ತೆಗೆದರು, ಆಮೇಲೆ ಅರ್ಧ ಪಾದ ತೆಗೆದರು. ಅಷ್ಟರಲ್ಲಿ ಅದು ಒಳಗೆ ಇಳಿದಾಗಿತ್ತು.

ಈ ಕಾಯಿಲೆಯವರಿಗೆಂದೇ ಒಂದು ಸಂಸ್ಥೆ ಇತ್ತು. ತಲೆಯ ಕಡೆ ಎತ್ತುವ ಮಂಚ ಕೊಟ್ಟವರು ಅವರೇ, ಮನೆಗೆ ಬಂದು ಇಂಜೆಕ್ಷನ್ ಕೊಡುವ ಗಂಡು ನರ್ಸನ್ನು ಕಳಿಸಿದವರೂ ಅವರೇ. ನೀಲಿ ತುಂಬುತೋಳಿನ ಅಂಗಿ ಹಾಕಿಕೊಂಡು ಬೆಳಿಗ್ಗೆ ಸಂಜೆ ಬರುತ್ತಿದ್ದ. ಎಲ್ಲರೂ ಅವನನ್ನು "ಬ್ರದರ್" ಎನ್ನುತ್ತಿದ್ದರು, ಅವನು ನನ್ನ ಮಗಳನ್ನು "ಅಕ್ಕ" ಎನ್ನುತ್ತಿದ್ದ. ಆ ಸಂಸ್ಥೆಗೆ ಒಂದು ವ್ಯಾನಿತ್ತು. ಅದು ಕಾರ್ಖಾನೆ, ಬಂದರು, ಗೋದಾಮು ಎಂದು ಸುತ್ತಿ ಕೆಲಸಗಾರರ ಮೈಮೇಲಿನ ಮಚ್ಚೆ ಕಲೆಗಳನ್ನು ನೋಡಿ ಹೇಳುತ್ತಿತ್ತು. ಒಂದೇ ವ್ಯಾನು, ಅದೂ ಹಳೆಯದು. ಅಳಿಯನ ತಲೆಗೆ ಇನ್ನೊಂದು ವ್ಯಾನು ಹೊಕ್ಕಿತು.

ಅವನಿಗೂ ಗಡ್ಡ ಎಂದೇ ಎಲ್ಲರೂ ಕರೆಯುವ ಅವನ ಕೆಲಸದ ಜೊತೆಗಾರನಿಗೂ ರಜೆಯ ದಿನ ಅಣೆಕಟ್ಟೆಯ ನೀರಿನಲ್ಲಿ ಪ್ಯಾಡಲ್ ಬೋರ್ಡ್ ಆಡುವ ಹುಚ್ಚು ಇತ್ತು. ಇಸ್ತ್ರಿ ಹಾಕುವ ಹಲಗೆಯನ್ನು ಉದ್ದ ಮಾಡಿದಂಥದ್ದು. ಅದರ ಮೇಲೆ ಬರಿಗಾಲಲ್ಲಿ ನಿಂತು ಉದ್ದನೆಯ ಹುಟ್ಟು ಹಾಕುತ್ತ ಹೋಗಬೇಕು. ಅಣೆಕಟ್ಟೆಯ ಕೆಳಗಿನಿಂದ ನದಿ ಸಮುದ್ರ ಸೇರುವ ತನಕ ಅಳಿಯ ಹಾಗೆ ನಿಂತೇ ಹೋಗುವುದು, ಗಡ್ಡ ದಡದಲ್ಲಿ ಬೈಕಿನಲ್ಲಿ ಜೊತೆಗೆ ಬರುವುದು, ಜನ ಕಿಲೋಮೀಟರಿಗೆ ಇಷ್ಟೆಂದು ಸಂಸ್ಥೆಗೆ ಕೊಡುವುದು ಎಂದು ಗೊತ್ತಾಯಿತು. ಹಣ ಕೊಟ್ಟರೆ ಸಾಲದು, ದಡದಲ್ಲಿ ಅವನನ್ನು ನೋಡಲು ಬಂದವರೆಲ್ಲ ಅಲ್ಲೇ ಶೂ ಬಿಚ್ಚಿ ತಮ್ಮ ಅಂಗಾಲು ನೋಡಿಕೊಳ್ಳಬೇಕು. ಈ ಕರಾರು ಹಾಕಿದವಳು ನನ್ನ ಮಗಳು. "ಎಲ್ಲರೂ ಬೆನ್ನು ತೋಳು ನೋಡ್ಕೋತಾರೆ. ಕಾಲಡಿ ಯಾರು ನೋಡ್ತಾರೆ? ನಾಚ್ಕೊಂಡ್ರೆ ನಾಚ್ಕೊಳ್ಲಿ" ಎಂದಳು.

ದಿನ ಗೊತ್ತು ಮಾಡಿದಾಗ ಅವಳು ಊರುಗೋಲು ಹಿಡಿದು ಓಡಾಡುತ್ತಿದ್ದಳು. ಆ ದಿನ ಹತ್ತಿರ ಬರುವ ಹೊತ್ತಿಗೆ ಕಾಯಿಲೆ ತಲೆಗೆ ಹೋಗಿದೆ ಎಂದು ಹೇಳಿದರು. ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದರು. ಹಾಗೆಂದರೆ ಏನೆಂದು ಮೂವರಿಗೂ ಅರ್ಥವಾಗಿತ್ತು.

ಮುಂದಿನ ಕೋಣೆಯಲ್ಲಿ, ಬೀದಿ ಕಾಣುವ ಹಾಗೆ, ಕಿಟಕಿಯ ಪಕ್ಕ ಮಂಚ ಹಾಕಿದ್ದೆವು. ಅವನು ಕಿಟಕಿಯ ಬೋಲ್ಟು ಬಿಚ್ಚಿ ಬಿಗಿ ಮಾಡುತ್ತ ನಿಂತಿದ್ದ.

"ಮುಂದಕ್ಕೆ ಹಾಕೋಣ ಬಿಡು" ಎಂದ.

"ಯಾವಾಗಕ್ಕೆ? ನಾನು ಸತ್ತ ಮೇಲಕ್ಕಾ?"

"ಹಂಗೆಲ್ಲ ಮಾತಾಡ್ಬೇಡ."

"ಮತ್ತೆ ಹೆಂಗೆ ಮಾತಾಡ್ಲಿ? ಇಂಡಿಕೇಟರ್ ಹಾಕೊಂಡು ಮಾತಾಡ್ಲಾ?"

ನನಗೆ ನಗು ಬಂತು. ಅವನು ನಗಲಿಲ್ಲ.

"ಇಲ್ಲಿದ್ದು ನೀನು ಮಾಡೋದಾದ್ರೂ ಏನು? ಬೆಳಗ್ಗಿಂದ ಆ ಬೋಲ್ಟಿನ ಜೀವ ತೆಗೀತಿದೀಯ. ನೋಡಿ ನೋಡಿ ನನಗೆ ತಲೆ ಸುತ್ತು ಬಂತು. ಹೋಗು."

"ನಿಜವಾಗ್ಲೂ ಹೋಗ್ಲಾ?"

"ಹೋಗು ಅಂದ್ನಲ್ಲ."

ಅವನ ಹೆಗಲಿನಲ್ಲಿ ಏನೋ ಒಂದು ಸಡಿಲವಾಯಿತು. ಭಾರದ ಚೀಲ ಇಳಿಸಿದವರ ಹೆಗಲು ಹಾಗಾಗುವುದನ್ನು ವೇಟಿಂಗ್ ರೂಮಿನಲ್ಲಿ ದಿನಾ ನೋಡುತ್ತಿದ್ದೆ. ನಾನು ನೋಡಿದೆ. ನನ್ನ ಮಗಳೂ ನೋಡಿದಳು. ನೋಡಿ, ಮುಖವನ್ನು ಬೀದಿಯ ಕಡೆ ತಿರುಗಿಸಿಕೊಂಡಳು.

ಅವನು ಹೊರಟ ದಿನ, ಬಾಗಿಲು ಹಾಕಿಕೊಂಡ ಸದ್ದು ಕೇಳಿದ ಮೇಲೆ, ನನ್ನ ಕೈ ಹಿಡಿದುಕೊಂಡಳು.

"ಅಮ್ಮ, ನನಗೆ ಜಾಸ್ತಿ ಆದ್ರೆ ಅವನಿಗೆ ಫೋನ್ ಮಾಡ್ಬೇಡ. ಅವನು ಮುಗಿಸಿಯೇ ಬರ್ಲಿ. ಮಾತು ಕೊಡು."

"ಆಯ್ತು ಕಣೆ."

"ಆಯ್ತು ಅನ್ನೋದಲ್ಲ. ಮಾತು ಕೊಟ್ಟೆ ಅನ್ನು."

"ಮಾತು ಕೊಟ್ಟೆ" ಎಂದೆ.

ಬೋರ್ಡಿನ ಮೂತಿಗೆ ನೀರು ಹೋಗದ ಚೀಲದಲ್ಲಿ ಒಂದು ಯಂತ್ರ ಕಟ್ಟಿದ್ದರು. ಅದು ಎಲ್ಲಿದೆ ಎನ್ನುವುದು ಮಗಳ ಫೋನಿನಲ್ಲಿ ನೀಲಿ ಚುಕ್ಕೆಯಾಗಿ ಕಾಣುತ್ತಿತ್ತು. ನಕ್ಷೆ ನೋಡಿ ನನಗೆ ಅಭ್ಯಾಸವಿಲ್ಲ. ನದಿ ಯಾವುದು, ರಸ್ತೆ ಯಾವುದು ಎಂದು ಅವಳೇ ಬೆರಳಿಟ್ಟು ತೋರಿಸಿದಳು. ಎವೆ ಮುಚ್ಚದೆ ನೋಡಿದರೆ ಚುಕ್ಕೆ ನಿಂತ ಹಾಗೇ ಇರುತ್ತದೆ. ಹಾಲು ಬಿಸಿ ಮಾಡಿ ತರುವಷ್ಟರಲ್ಲಿ ಒಂದು ತಿರುವು ದಾಟಿರುತ್ತದೆ. "ನೋಡು, ಈ ತಿರುವಲ್ಲಿ ಸ್ಪೀಡ್ ಕಮ್ಮಿ ಮಾಡಿದಾನೆ. ನಾನು ಕಲಿಸಿದ್ದು" ಎನ್ನುತ್ತಿದ್ದಳು.

ಸಂಜೆ ದಡಕ್ಕೆ ಬಂದು ಫೋನ್ ಮಾಡುತ್ತಿದ್ದ. ಫೋನನ್ನು ಎಲ್ಲರಿಗೂ ಕೇಳುವ ಹಾಗೆ ಇಡುತ್ತಿದ್ದೆ.

"ಮೇಡಂ, ಇವತ್ತು ಒಬ್ರು ಬ್ಯಾಂಕ್ ಮ್ಯಾನೇಜರು ಕೋಟು ಟೈ ಎಲ್ಲ ಹಾಕೊಂಡು ಬಂದಿದ್ರು. ಶೂ ಬಿಚ್ಚಿ ಅಂದೆ. ಬಿಚ್ಚಿದ್ರೆ ಸಾಕ್ಸಲ್ಲಿ ಹೆಬ್ಬೆರಳು ಹೊರಗೆ ಬಂದು ನಮಸ್ಕಾರ ಅಂತಿದೆ!"

"ಕಲೆ ಇತ್ತಾ?"

"ಕೊಳೆ ಇತ್ತು."

ಅವಳು ನಗುತ್ತಿದ್ದಳು. ಇನ್ನೊಂದು ದಿನ, ದೋಣಿಯಲ್ಲಿ ಅಡುಗೆ ಮಾಡುವವನೊಬ್ಬನ ಹಿಮ್ಮಡಿಯಲ್ಲಿ ಇಂಥದ್ದೇ ಕಲೆ ಸಿಕ್ಕಿ, ಗಡ್ಡ ಅವನನ್ನು ಬೈಕಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಬಿಟ್ಟು ಬಂದನಂತೆ. ಆ ಸಂಜೆ ಫೋನ್ ಇಟ್ಟ ಮೇಲೆ ಮಗಳು ಹೊದಿಕೆ ಸರಿಸಿ ತನ್ನ ಅರ್ಧ ಪಾದವನ್ನು ನೋಡಿಕೊಂಡಳು. ಆಮೇಲೆ, "ಒಬ್ಬ ಸಿಕ್ಕಿದ ನೋಡಮ್ಮ" ಎಂದಳು.

ಅವನಿಗೆ ಗೊತ್ತಾಗದ ಹಾಗೆ ಅವಳು ಇಳಿಯುತ್ತಿದ್ದಳು. ಎಡಗೈ ಸೋತಿತು. ಮಾತಿನ ನಡುವೆ ಬೇಕಾದ ಪದ ಸಿಗದೆ ಬೇರೊಂದು ಪದ ಬರುತ್ತಿತ್ತು; ಲೋಟ ಎನ್ನುವ ಬದಲು ಗೇರ್ ಎನ್ನುವಳು. ಒಂದು ಬೆಳಿಗ್ಗೆ ನಾನು ಮುಖ ಒರೆಸಲು ಹೋದರೆ ಗಂಭೀರವಾಗಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಹೊಸಬರಾ? ಕಾರು ಕಲಿಯೋಕಾ, ಸ್ಕೂಟರಾ? ಈ ವಯಸ್ಸಲ್ಲಿ ಸ್ಕೂಟರ್ ಬೇಡಮ್ಮ" ಎಂದಳು. "ಕಾರೇ" ಎಂದೆ. "ಹಂಗಾದ್ರೆ ಕೂತ್ಕೊಳ್ಳಿ" ಎಂದಳು. ಕೂತೆ. ಸ್ವಲ್ಪ ಹೊತ್ತಿಗೆ ಮತ್ತೆ ಅಮ್ಮನಾದೆ. ಸಂಜೆಯ ಫೋನಿಗೆ ಮಾತ್ರ ಎಲ್ಲಿಂದಲೋ ಶಕ್ತಿ ಕೂಡಿಸಿಕೊಂಡು ಒಂದೆರಡು ಸರಿಯಾದ ಮಾತಾಡಿ, "ನಿದ್ದೆ ಬರ್ತಿದೆ ಲರ್ನರ್" ಎಂದು ನನ್ನ ಕಡೆ ನೋಡುತ್ತಿದ್ದಳು, ಫೋನ್ ತೆಗಿ ಎನ್ನುವಂತೆ.

ಒಂದು ಬೆಳಿಗ್ಗೆ ಅವಳಿಗೆ ಸೆಳವು ಬಂತು. ಮೈಯೆಲ್ಲ ಮರದ ಹಾಗೆ ಬಿಗಿದು ಅದುರಿತು. ಬ್ರದರ್ ಅದೇ ಆಗ ಬಂದಿದ್ದ, ಪುಣ್ಯ. ಇಂಜೆಕ್ಷನ್ ಕೊಟ್ಟು ಮಗ್ಗುಲಾಗಿ ಮಲಗಿಸಿದ. ಕೈ ತೊಳೆದುಕೊಳ್ಳಲು ಅಡುಗೆಮನೆಗೆ ಬಂದವನು ನಲ್ಲಿ ತಿರುಗಿಸದೆ ನಿಂತ.

"ಅಮ್ಮ, ಯಾರಿಗಾದ್ರೂ ಹೇಳೋದಿದ್ರೆ ಈಗ್ಲೇ ಹೇಳಿ."

ಅವನು ಹೋದ. ನಾನು ಅವಳ ಪಕ್ಕ ಬಂದು ಕೂತೆ. ಮಾತು ಕೊಟ್ಟಾಗಿದೆ. ಅವಳು ಕೇಳಿ ಕೇಳಿ ಪಡೆದ ಮಾತು.

ಆಗ ನನಗೆ ವೇಟಿಂಗ್ ರೂಮಿನ ಒಬ್ಬ ಹೆಂಗಸು ನೆನಪಾದಳು. ನಾನು ಕೆಲಸಕ್ಕೆ ಸೇರಿದ ಹೊಸತು. ಹಸಿರು ಸ್ವೆಟರ್ ಹಾಕಿದ್ದಳು, ಕೈಯಲ್ಲಿ ಒಂದೇ ಸಣ್ಣ ಪೆಟ್ಟಿಗೆ. ಗಂಡನ ಜೊತೆ ಜಗಳವಾಡಿ ಬಂದವಳು. "ನನ್ನ ಕೇಳ್ಕೊಂಡು ಯಾರಾದ್ರೂ ಬಂದ್ರೆ ಇಲ್ಲ ಅಂದ್ಬಿಡಿ" ಎಂದು ಹೇಳಿ ಒಳಗಿನ ಮೂಲೆಯ ಬೆಂಚಿಗೆ ಹೋದಳು. ಗಂಡ ಬಂದ, ಕೇಳಿದ. ಅಂಥವರು ಇಲ್ಲಿ ಯಾರೂ ಇಲ್ಲ ಎಂದೆ. ಹೋದ. ಅವಳು ಎದ್ದು ಬಂದು ಬಾಗಿಲಲ್ಲಿ ನಿಂತು ಖಾಲಿ ಪ್ಲಾಟ್‌ಫಾರ್ಮನ್ನು ನೋಡಿದಳು. ಹೇಳಿದ ಹಾಗೆ ಮಾಡಿದ್ದಕ್ಕೆ ಖುಷಿಯಾಗುತ್ತಾಳೆ ಎಂದುಕೊಂಡಿದ್ದೆ. ಅವಳು ನನ್ನ ಕಡೆ ತಿರುಗಿ, "ಒಂದೇ ಸಲ ಕೇಳಿದ್ರಾ?" ಎಂದಳು. ಹೌದು ಎಂದೆ. "ಒಂದೇ ಸಲ" ಎಂದು ತನಗೇ ಹೇಳಿಕೊಂಡಳು. ಅವಳ ರೈಲು ಬರುವ ತನಕ ಆ ಬಾಗಿಲಲ್ಲೇ ನಿಂತಿದ್ದಳು. ಅವಳ ಮುಖ ಈಗಲೂ ನನಗೆ ಕಾಣುತ್ತದೆ.

ಎದ್ದು ಬಾಲ್ಕನಿಗೆ ಹೋಗಿ ಅಳಿಯನಿಗೆ ಫೋನ್ ಮಾಡಿದೆ. ಬಿಸಿಲು ಏರಿದ್ದರಿಂದ ಅವನು ದಡದಲ್ಲಿದ್ದ. ಹಿಂದೆ ಗಡ್ಡ ಯಾರಿಗೋ "ಎಡಗಾಲೂ ತೋರಿಸ್ರೀ ಸಾರ್, ಅದೇನು ಪಾಪ ಮಾಡಿದೆ" ಎನ್ನುತ್ತಿದ್ದ.

"ಬಾಪ್ಪ" ಎಂದೆ.

ಗಡ್ಡನ ದನಿ ದೂರವಾಯಿತು. ಅಳಿಯ ಎದ್ದು ಆಚೆ ಹೋದನೇನೋ.

"ಅತ್ತೆ, ಅವಳು ಕರೀತಿದಾಳಾ?"

"ಇಲ್ಲ. ನಾನು ಕರೀತಿದೀನಿ."

ಅವನು ಗಡ್ಡನನ್ನು ಕೂಗಿದ್ದು ಕೇಳಿತು. ಆಮೇಲೆ, "ಬಂದೆ" ಎಂದ.

ಹಲಗೆಯನ್ನು ಗಡ್ಡನ ಕೈಗೆ ಕೊಟ್ಟು, ಇದ್ದ ಬಟ್ಟೆಯಲ್ಲೇ ಬಸ್ಸು ಹತ್ತಿದ. ಸಂಜೆ ಬೀದಿದೀಪ ಹತ್ತುವ ಹೊತ್ತಿಗೆ ಬಾಗಿಲಲ್ಲಿದ್ದ. ಮೂಗಿನ ಮೇಲೆ, ಕಿವಿಯ ಮೇಲೆ ಬಿಸಿಲಿಗೆ ಹಚ್ಚಿಕೊಂಡ ಬಿಳಿ ಮುಲಾಮು ಹಾಗೇ ಇತ್ತು. ಮೈಯೆಲ್ಲ ನದಿಯ ಪಾಚಿಯ ವಾಸನೆ. ಬಿಸಿಲು ತಡೆಯಲೆಂದು ಆ ಹಲಗೆಯಾಟದವರೆಲ್ಲ ಹಾಕುವ ನೀಲಿ ತುಂಬುತೋಳಿನ ಅಂಗಿ ಹಾಕಿಕೊಂಡಿದ್ದ.

ಮಗಳು ಎಚ್ಚರವಾಗಿದ್ದಳು. ಅವನನ್ನು ನೋಡಿದಳು.

"ಇವತ್ತು ತಡ ಮಾಡಿದ್ರಿ ಬ್ರದರ್."

ಅವನು ನನ್ನ ಕಡೆ ನೋಡಿದ.

"ನಾನು ಕಣೇ" ಎಂದು ಹತ್ತಿರ ಬಂದ. "ನಾನು ಬಂದಿದೀನಿ."

"ಬಂದಿರೋದು ಕಾಣಿಸ್ತಿದೆ ಬ್ರದರ್." ಫೋನನ್ನು ಬಲಗೈಯಲ್ಲಿ ಎತ್ತಿ ತೋರಿಸಿದಳು. "ನೋಡಿ, ನನ್ನ ಯಜಮಾನ್ರು. ಸೇತುವೆ ದಾಟಿದಾರೆ."

ಚುಕ್ಕೆ ನಿಜವಾಗಿಯೂ ಸೇತುವೆ ದಾಟಿ ಮುಂದೆ ಹೋಗಿತ್ತು. ಹಲಗೆಯ ಜೊತೆ ಯಂತ್ರವೂ ಗಡ್ಡನ ಹತ್ತಿರ ಉಳಿದಿತ್ತು. ಬರುವ ಗಡಿಬಿಡಿಯಲ್ಲಿ ಅದನ್ನು ಬಿಚ್ಚಬೇಕೆಂದು ಇಬ್ಬರಿಗೂ ಹೊಳೆದಿರಲಿಲ್ಲ. ಅಳಿಯ ಮೊಣಕಾಲೂರಿ ಮಂಚದ ಪಕ್ಕ ಕೂತು, "ಅದು ಗಡ್ಡ. ನಾನು ಇಲ್ಲಿದೀನಿ. ನೋಡು ನನ್ನ" ಎಂದ. ಅವಳ ಮುಖ ಕೆಟ್ಟುಹೋಯಿತು. "ಅವನು ಬರಬಾರ್ದು. ಯಾರು ಕರೆದ್ರು? ಅಮ್ಮ ಮಾತು ಕೊಟ್ಟಿದಾಳೆ" ಎಂದು ಅಳಲು ಶುರು ಮಾಡಿದಳು. ಕೈ ಕಾಲು ನಡುಗಿದವು. ಅಷ್ಟರಲ್ಲಿ ನಿಜವಾದ ಬ್ರದರ್ ಒಳಗೆ ಬಂದ. ಬೆಳಗ್ಗಿನ ಹಾಗಾದೀತೆಂದು ಬೇಗ ಬೇಗ ಔಷಧಿ ಕೊಟ್ಟು ಸಮಾಧಾನ ಮಾಡಿ ಮಲಗಿಸಿದ. ಆಮೇಲೆ ಅಳಿಯನನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಮೆಲ್ಲಗೆ ಹೇಳಿದ:

"ವಾದ ಮಾಡ್ಬೇಡಿ ಸಾರ್. ಕಾಯಿಲೆ ಹಂಗೆ ಮಾಡಿಸ್ತಿದೆ. ಅವ್ರು ನಿಮ್ಮನ್ನ ಯಾರು ಅಂತಾರೋ ಅವರಾಗಿಬಿಡಿ."

ಹಾಗೆ ನನ್ನ ಅಳಿಯ ನನ್ನ ಮಗಳಿಗೆ ಬ್ರದರ್ ಆದ.

ಮಾರನೆಯ ಬೆಳಿಗ್ಗೆ ಅವಳ ತುಟಿಗೆ ಒದ್ದೆ ಹತ್ತಿ ಇಡುತ್ತ ಅಭ್ಯಾಸಬಲದಿಂದ, "ಬಾಯಿ ತೆಗೀರಿ ಮೇಡಂ" ಎಂದುಬಿಟ್ಟ.

ಅವಳು ಬಾಯಿ ತೆಗೆಯಲಿಲ್ಲ. ಅವನ ಮುಖವನ್ನೇ ನೋಡಿದಳು. ನಾನು ಬಾಗಿಲಲ್ಲೇ ನಿಂತೆ.

"ಹಂಗೆ ಕರೀಬೇಡಿ ಬ್ರದರ್" ಎಂದಳು. "ಮೇಡಂ ಅನ್ನೋನು ಬೇರೆ ಇದಾನೆ. ನೀವು ಅಕ್ಕ ಅನ್ನಿ. ಯಾವಾಗ್ಲೂ ಹಂಗೇ ಅಂತೀರಲ್ಲ."

ಅವನು ಹತ್ತಿಯನ್ನು ಮತ್ತೆ ನೀರಿಗೆ ಅದ್ದಿ ಹಿಂಡಿದ. ಕಟ್ಟಿಕೊಂಡ ಹೆಂಡತಿಯನ್ನು ಹಾಗೆ ಕರೆಯಲು ಯಾರಿಗೆ ಬಾಯಿ ಬರುತ್ತದೆ? ನಾನು ಮುಖ ಆ ಕಡೆ ಮಾಡಿಕೊಂಡೆ.

"ಬಾಯಿ ತೆಗೀರಿ… ಅಕ್ಕ" ಎಂದ.

ತೆಗೆದಳು.

ಕೂರದವನು ಕೂರುವುದನ್ನು ಕಲಿತ. ಬ್ರದರ್ ಹೇಳಿಕೊಟ್ಟ ಹಾಗೆ ಹಾಸಿಗೆಯಲ್ಲಿ ಅವಳನ್ನು ಮಗ್ಗುಲಾಗಿಸುವುದು, ಬೆನ್ನಿಗೆ ದಿಂಬು ಕೊಡುವುದು, ನೋವಿನ ಔಷಧಿಯನ್ನು ಕೆನ್ನೆಯ ಒಳಬದಿಗೆ ಬಿಡುವುದು, ಎಲ್ಲವನ್ನೂ ಮಾಡಿದ. ಆ ಕೆಲಸಗಳ ನಡುವೆ ಬಹಳ ಹೊತ್ತು ಬರಿದೇ ಕೂರಬೇಕಾಗುತ್ತದೆ. ಮೊದಲೆರಡು ದಿನ ಅವನ ಮಂಡಿ ತಾನಾಗಿ ಕುಣಿಯುತ್ತಿತ್ತು. ಆಮೇಲೆ ಅದೂ ನಿಂತಿತು. ಕಿಟಕಿಯ ಬೋಲ್ಟನ್ನು ತಿರುಗಿಯೂ ನೋಡಲಿಲ್ಲ. ಸಂಜೆಯ ಫೋನನ್ನು ಮಗಳು ಕೇಳಲೇ ಇಲ್ಲ, ಚುಕ್ಕೆ ಕಂಡರೆ ಅವಳಿಗೆ ಸಾಕಾಗಿತ್ತು.

ಒಂದು ಮಧ್ಯಾಹ್ನ, ನಾನು ಅವಳ ಪಾದದ ಕಡೆ ಕೂತು ಬಟ್ಟೆ ಮಡಚುತ್ತಿದ್ದೆ. ಅವಳಿಗೆ ಆ ಹೊತ್ತು ಮಾತು ಸಲೀಸಾಗಿತ್ತು.

"ಬ್ರದರ್, ನಿಮಗೆ ಮದುವೆ ಆಗಿದೆಯಾ?"

"ಆಗಿದೆ."

"ಅವರನ್ನ ಬಿಟ್ಟು ಹಿಂಗೆ ಮನೆ ಮನೆ ತಿರುಗ್ತೀರಲ್ಲ. ಏನೂ ಅನ್ನಲ್ವಾ ಪಾಪ?"

"ಹೋಗು ಅಂತಾಳೆ" ಎಂದ.

ಅವಳು ನಕ್ಕಳು. "ಅನ್ನೋದು ಹಂಗೇ. ನಾನೂ ಅಂದೆ. ಅಂದಿದ್ದೇ ತಡ, ಹೊರಟೇಬಿಟ್ಟ."

ನಾನು ಮಡಚುವುದನ್ನು ನಿಲ್ಲಿಸಿದೆ.

"ನಿಜವಾಗ್ಲೂ ಹೋಗ್ಲಾ ಅಂತ ಕೇಳ್ದ ಬ್ರದರ್. ಹೋಗೋಕೆ ಮನಸ್ಸಿರೋರು ಹಂಗೆ ಕೇಳೋದು. ಒಂದು ಸಲ, ಒಂದೇ ಒಂದು ಸಲ, ನಾನು ಹೋಗಲ್ಲ ಕಣೇ ಅಂತ ಇಲ್ಲಿ ಬಂದು ಕೂತಿದ್ರೆ ನಾನೇ ಬೈದು ಕಳಿಸ್ತಿದ್ದೆ. ಆಗ ಕಳಿಸಿದ್ದು ನಾನು ಅಂತ ಆಗ್ತಿತ್ತು."

"ಅವ್ರ ಮೇಲೆ ಕೋಪಾನಾ… ಅಕ್ಕ?"

"ಅಯ್ಯೋ, ಕೋಪ ಏನಿಲ್ಲ. ಒಳ್ಳೇ ಕೆಲಸಕ್ಕೇ ಹೋಗಿದಾನೆ. ಅವನಿಗೆ ಭಯ. ನಾನು ಹಿಂಗೆ ಆಗೋದನ್ನ ನೋಡೋಕೆ ಭಯ." ಮೆಲ್ಲಗೆ ಹೇಳಿದಳು, "ನನಗೂ ಭಯಾನೇ ಬ್ರದರ್. ಆದ್ರೆ ನನಗೆ ಎದ್ದು ಹೋಗೋ ಹಂಗಿಲ್ಲವಲ್ಲ."

ಅವನು ಅವಳ ಬಲಗೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡಿದ್ದ. ನರ್ಸ್ ಯಾರೂ ಹಾಗೆ ಹಿಡಿಯುವುದಿಲ್ಲ. ಅವಳು ಬಿಡಿಸಿಕೊಳ್ಳಲಿಲ್ಲ.

"ಇದೆಲ್ಲ ಅವನಿಗೆ ಹೇಳ್ಬೇಡಿ" ಎಂದಳು. "ನೊಂದ್ಕೋತಾನೆ."

"ಹೇಳಲ್ಲ."

ಅಡುಗೆಮನೆಯ ನಲ್ಲಿಯಲ್ಲಿ ನೀರು ಬಹಳ ಹೊತ್ತು ಸುರಿಯುವುದು ಕೇಳಿಸಿತು ಆಮೇಲೆ. ನಾನು ಹೋಗಲಿಲ್ಲ. ಕೆಲವು ಅಳು ಒಬ್ಬರೇ ಅಳಬೇಕಾದವು.

ಚುಕ್ಕೆ ಸಮುದ್ರ ಮುಟ್ಟಿದ ದಿನ ಅವಳಿಗೆ ಕಣ್ಣು ಮಸುಕಾಗಿತ್ತು. "ಎಲ್ಲಿದೆ ನೋಡಿ ಬ್ರದರ್" ಎಂದು ಮೇಲಿಂದ ಮೇಲೆ ಕೇಳುತ್ತಿದ್ದಳು. "ಮುಟ್ಟಿತು" ಎಂದ ಅವನು. "ಮುಟ್ಟಿದ, ಅನ್ನಿ" ಎಂದು ತಿದ್ದಿದಳು. ಮುಖ ಬೆಳಗಿತು. "ಪಾಸಾದ ನೋಡಮ್ಮ ನನ್ನ ಲರ್ನರ್! ಇನ್ನು ಬರ್ತಾನೆ."

ಅತ್ತ ಗಡ್ಡ ದಡದಲ್ಲಿ ನಿಂತು, ಅರ್ಧದಿಂದ ಹುಟ್ಟು ಹಾಕಿದವನು ತಾನು, ಅವನು ಹೆಂಡತಿಯ ಹತ್ತಿರ ಹೋದ ಎಂದು ಇದ್ದದ್ದನ್ನು ಇದ್ದ ಹಾಗೆ ಜನಕ್ಕೆ ಹೇಳಿದನಂತೆ. ಯಾರೂ ಕೊಟ್ಟದ್ದನ್ನು ವಾಪಸು ಕೇಳಲಿಲ್ಲವಂತೆ. ಇದನ್ನು ಅವನು ಫೋನಿನಲ್ಲಿ ಹೇಳುತ್ತಿದ್ದರೆ ಅಳಿಯ, "ಆಯ್ತು ಮಾರಾಯ, ಆಮೇಲೆ" ಎಂದು ಇಟ್ಟುಬಿಟ್ಟ. ಅವನ ಮನಸ್ಸೆಲ್ಲ ಮಗಳ ಒಂದು ಮಾತಿನ ಮೇಲಿತ್ತು. ಇನ್ನು ಬರ್ತಾನೆ. ಅಂದರೆ ಇನ್ನು ಅವನು ಬರಬಹುದು.

"ಅತ್ತೆ, ನಾನು ಹೊರಗೆ ಹೋಗಿ ಬರ್ಲಾ?" ಎಂದ.

ಹೋಗಿ ಮುಖ ತೊಳೆದುಕೊಂಡು, ನೀಲಿ ಅಂಗಿ ಬಿಟ್ಟು, ಅವಳು ಯಾವತ್ತೋ ಕೊಡಿಸಿದ್ದ ಗೆರೆ ಗೆರೆಯ ಅಂಗಿ ಹಾಕಿಕೊಂಡ. ತಲೆ ಬಾಚಿದ. ಬೀದಿಗಿಳಿದು, ದಿನಸಿ ಅಂಗಡಿಯ ತನಕ ನಡೆದು, ತಿರುಗಿ ಬಂದು, ತನ್ನದೇ ಮನೆಯ ಬೆಲ್ ಒತ್ತಿದ. ನಾನು ಬಾಗಿಲು ತೆಗೆದೆ. ಹೊಸ್ತಿಲಾಚೆಯೇ ನಿಂತಿದ್ದ, ನಮ್ಮ ಮನೆಗೆ ಮೊದಲ ಸಲ ಬಂದವರ ಹಾಗೆ.

"ಯಾರು ಬಂದಿದಾರೆ ನೋಡೇ" ಎಂದೆ ನಾನು ದನಿ ಎತ್ತಿ.

ಅವನು ಮಂಚದ ಹತ್ತಿರ ಹೋಗಿ ಬಗ್ಗಿದ. "ಮೇಡಂ" ಎಂದ.

ಅವಳು ಕತ್ತು ಹೊರಳಿಸಿದಳು. ಕಣ್ಣು ಅವನ ಮುಖದ ಮೇಲೆ ನಿಲ್ಲಲು ನೋಡಿತು, ನಿಲ್ಲಲಿಲ್ಲ, ಅವನ ಹೆಗಲಾಚೆ ಬಾಗಿಲಿಗೆ ಹೋಯಿತು.

"ಅವನು ಬಂದ್ನಾ ಬ್ರದರ್?"

ಅವನು ಹೇಳಬಹುದಿತ್ತು. ಬಂದೆ, ನಾನೇ ಅವನು ಎಂದು ಕೂಗಬಹುದಿತ್ತು. ಅವಳು ಮತ್ತೆ ನಡುಗಿದರೆ ನೋಡಿಕೊಳ್ಳೋಣ ಎಂದು ನಾನೇ ಬಾಯಿ ತೆಗೆಯುವುದರಲ್ಲಿದ್ದೆ. ಅಷ್ಟರಲ್ಲಿ ಅವನು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ಕೂತ.

"ಬಸ್ಸು ಹತ್ತಿದಾರಂತೆ ಅಕ್ಕ. ಬರ್ತಿದಾರೆ."

"ಸೀಟ್ ಸಿಕ್ತಂತಾ?"

"ಕಿಟಕಿ ಪಕ್ಕ."

"ಕೂತಿರಲ್ಲ ಅವನು" ಎಂದಳು. "ಬಾಗಿಲಲ್ಲಿ ನೇತಾಡ್ತಿರ್ತಾನೆ."

ಆಮೇಲೆ ಅವಳ ಮಾತು ಅದೊಂದೇ ಆಯಿತು. ಎಚ್ಚರವಾದಾಗೆಲ್ಲ ಬಂದ್ನಾ ಎನ್ನುವಳು, ಬರ್ತಿದಾರೆ ಎನ್ನುವನು. ಎಲ್ಲಿಗೆ ಬಂದ ಎಂದರೆ ಒಂದೊಂದು ಸಲ ಒಂದೊಂದು ಹೇಳುವನು. ದೊಡ್ಡ ಸೇತುವೆ ಹತ್ತಿರ, ಗೋದಾಮಿನ ತಿರುವಿನ ಹತ್ತಿರ, ನಿಮ್ಮ ಡ್ರೈವಿಂಗ್ ಸ್ಕೂಲ್ ದಾಟಿದ್ರಂತೆ. ದಿನ ಕಳೆದ ಹಾಗೆ ಬಸ್ಸು ಹತ್ತಿರ ಹತ್ತಿರ ಬಂತು. ಕೊನೆಗೆ ಅವಳಿಗೆ ಕೇಳುವ ತ್ರಾಣವೂ ಇಲ್ಲದಾಯಿತು. ಕೇಳದೆ ಇದ್ದರೂ ಅವನು ಕಿವಿಯ ಹತ್ತಿರ ಬಗ್ಗಿ ಹೇಳುತ್ತಿದ್ದ: "ನಮ್ಮ ಬೀದಿಗೆ ಬಂದ್ರು. ಬಂದೇಬಿಟ್ರು."

ಬೆಳಗಿನ ಹೊತ್ತು, ಹಾಲಿನವನು ಬಾಗಿಲ ಮುಂದೆ ಪೊಟ್ಟಣ ಇಟ್ಟು ಹೋದ ಮೇಲೆ, ಉಸಿರು ನಿಂತಿತು. ಅವನು ಕೈ ಬಿಟ್ಟಿರಲಿಲ್ಲ. ನಾನು ಅವಳ ಕಣ್ಣು ಮುಚ್ಚಿದೆ, ಕೂದಲು ಸರಿ ಮಾಡಿದೆ. ಅವನಿಗೆ ಏಳಪ್ಪ ಎಂದೆ. ಏಳಲಿಲ್ಲ. ಒತ್ತಾಯ ಮಾಡಲಿಲ್ಲ ನಾನು. ಇನ್ನೊಂದು ಕುರ್ಚಿ ತಂದು ಅವನ ಪಕ್ಕದಲ್ಲೇ ಕೂತೆ.

ಎಲ್ಲ ಮುಗಿಸಿ ಬಂದ ಮೇಲೆ ಸಂಸ್ಥೆಯಿಂದ ಒಬ್ಬ ಹೆಣ್ಣುಮಗಳು ಬಂದಳು. ಒಳ್ಳೆಯ ಹುಡುಗಿ, ಮಾತಾಡುವ ಮುಂಚೆಯೇ ಅವಳ ಕಣ್ಣು ತುಂಬಿತ್ತು. ಹೊಸ ವ್ಯಾನು ಬರುತ್ತದೆ, ಅದರೊಳಗೆ ಕಾಲು ನೋಡಲೆಂದೇ ಒಂದು ಎತ್ತರದ ಕುರ್ಚಿ ಇರುತ್ತದೆ ಎಂದಳು. ಆಮೇಲೆ ಬಹಳ ಸಂಕೋಚದಿಂದ ಅಳಿಯನನ್ನು ಕೇಳಿದಳು:

"ಸಾರ್, ಅವ್ರು ಹೋದಾಗ ನೀವು… ದಾರೀಲಿದ್ರಾ?"

"ಇಲ್ಲೇ ಇದ್ದೆ" ಎಂದ.

ಅವಳು ತಲೆಯಾಡಿಸಿದಳು. ನಾನು ಅವಳ ಮುಂದೆ ನೀರಿನ ಲೋಟ ಇಟ್ಟೆ. ಅವನು ನೆಲ ನೋಡುತ್ತಲೇ ಹೇಳಿದ:

"ಬರೋದು ತಡ ಆಯ್ತು."